ಬೆಂಗಳೂರಿನ ಅಡಾಪ್ಟಿವ್ ಸಿಗ್ನಲ್ ರಿವ್ಯೂ: ರಸ್ತೆ ಪೂರ್ತಿ ಹಾಕಿದ್ರೆ ಮಾತ್ರ ಪ್ರಯೋಜನ

2024ರಿಂದ ಬೆಂಗಳೂರಲ್ಲಿ ಹಂತ ಹಂತವಾಗಿ ಅಡಾಪ್ಟಿವ್ ಸಿಗ್ನಲ್, ಅಂದ್ರೆ ಟ್ರಾಫಿಕ್ ನೋಡ್ಕೊಂಡು ತಾನೇ ಟೈಮಿಂಗ್ ಬದಲಿಸೋ ಸಿಗ್ನಲ್, ಹಾಕ್ತಾ ಬಂದಿದಾರೆ, ಪ್ಲಾನ್ ಪ್ರಕಾರ 165 ಜಂಕ್ಷನ್. ದಿನಾ ಸ್ಕೂಟರಲ್ಲಿ ಊರೊಳಗೆ ಓಡಾಡೋ ನನ್ನ ಕಡೆಯಿಂದ 5ಕ್ಕೆ 3.5. ಟೆಕ್ನಾಲಜಿ ಚೆನ್ನಾಗಿದೆ, ಕಟ್ ಆಗಿರೋ ಒಂದೂವರೆ ಮಾರ್ಕು ಅದನ್ನ ಹಾಕ್ತಿರೋ ಕ್ರಮಕ್ಕೆ, ನಡ್ಕೊಂಡು ಹೋಗೋರನ್ನ ಮರೆತಿದ್ದಕ್ಕೆ.

ಹಳೇ ಸಿಗ್ನಲ್ ಗಡಿಯಾರ ನೋಡ್ಕೊಂಡು ನಡೆಯೋದು, ಬೆಳಗ್ಗೆಗೆ ಒಂದು ಟೈಮಿಂಗು ಸಂಜೆಗೆ ಇನ್ನೊಂದು, ಮಳೆ ಬಂದು ಒಂದು ಕಡೆ ಗಾಡಿ ತುಂಬ್ಕೊಂಡು ಇನ್ನೊಂದು ಕಡೆ ಖಾಲಿ ಹೊಡೀತಿದ್ರೂ ಆ ಖಾಲಿ ರಸ್ತೆಗೇ ಗ್ರೀನ್ ಕೊಟ್ಕೊಂಡು ಕೂತಿರೋದು. ಹೊಸದು ಕ್ಯಾಮೆರಾದಲ್ಲಿ ಕ್ಯೂ ನೋಡಿ ಗ್ರೀನ್ ಹಂಚುತ್ತೆ. ಎಲ್ಲ ಕಡೆಗೂ ಒಂದೊಂದು ಸಲ ಗ್ರೀನ್ ಸಿಕ್ಕಿ ಮುಗಿಯೋ ಒಂದು ಸುತ್ತು, ಅಂದ್ರೆ ಸೈಕಲ್, 180 ಸೆಕೆಂಡ್ ಇದ್ರೆ ಗಂಟೆಗೆ 20 ಸಲ ಸುತ್ತುತ್ತೆ, ಒಂದೊಂದು ಸುತ್ತಲ್ಲೂ ವೇಸ್ಟ್ ಆಗೋ 10 ಸೆಕೆಂಡ್ ಉಳಿದ್ರೂ ಗಂಟೆಗೆ 200 ಸೆಕೆಂಡ್ ಗ್ರೀನ್ ಪುಕ್ಕಟೆ ಸಿಕ್ಕಂಗೆ, ಅದೂ ಒಂದಿಂಚು ರಸ್ತೆ ಅಗಲ ಮಾಡದೆ, ಒಂದು ಫ್ಲೈಓವರ್ ಕಟ್ಟದೆ.

ನಂಗೆ ಖುಷಿ ಕೊಟ್ಟಿದ್ದು ಇದರ ಸಾಫ್ಟ್‌ವೇರ್ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ, ನಮ್ಮ ಸಿ-ಡ್ಯಾಕ್‌ನವರ ಕೋಸಿಕಾಸ್ಟ್ ಅನ್ನೋದು. ಸಿಡ್ನಿಯ ಸ್ಕ್ಯಾಟ್ಸ್, ಬ್ರಿಟನ್ನಿನ ಸ್ಕೂಟ್ ಅನ್ನೋ ಇಂಥವೇ ಸಿಸ್ಟಮ್‌ಗಳೆಲ್ಲ ಲೇನ್ ಹಿಡ್ಕೊಂಡು ಹೋಗೋ ಊರುಗಳಲ್ಲಿ, ಮೇಲೆ ಬಂದ ಗಾಡಿ ಗುರುತಿಸೋಕೆ ರಸ್ತೆಯೊಳಗೆ ಹೂತಿಟ್ಟ ತಂತಿಯ ಲೂಪ್ ನಂಬ್ಕೊಂಡು ಬೆಳೆದವು. ನಮ್ಮಲ್ಲಿ ಆಟೋ, ಬಿಎಂಟಿಸಿ ಬಸ್ಸು, ಬೈಕು ಎಲ್ಲ ಒಂದೇ ಲೇನಲ್ಲಿ ನುಗ್ಗುತ್ವೆ, ಜೊತೆಗೆ ರಸ್ತೆ ಅಗೆಯೋದು ನಿಲ್ಲಲ್ಲ, ಅಂಥ ಲೂಪ್ ಇಲ್ಲಿ ಎಷ್ಟು ದಿನ ಉಳಿಯುತ್ತೆ ಹೇಳಿ. ಕೋಸಿಕಾಸ್ಟ್ ಈ ಮಿಕ್ಸೆಡ್ ಟ್ರಾಫಿಕ್‌ಗೆ ಅಂತಾನೇ ಮಾಡಿದ್ದು.

ಟೈಮರ್ ಕಾಣಲ್ಲ, ನಂಬರ್ ಎಗರುತ್ತೆ ಅಂತ ತುಂಬಾ ಜನ ಬೈತಾರಲ್ಲ, ಅದು ಕೆಟ್ಟಿರೋದಲ್ಲ. ಗ್ರೀನ್ ಎಷ್ಟು ಹೊತ್ತು ಅಂತ ಮೊದಲೇ ನಿಗದಿ ಆಗಿರಲ್ಲ, ಹಾಗಾಗಿ ಮುಂಚಿಂದ ಕರೆಕ್ಟಾಗಿ ಎಣಿಸಿ ತೋರ್ಸೋಕೂ ಆಗಲ್ಲ.

ಈಗ ಅಸಲಿ ವಿಷಯ. ಒಂದೇ ರಸ್ತೆಯ ಜಂಕ್ಷನ್‌ಗಳು ಒಂದಕ್ಕೊಂದು ಲಿಂಕ್ ಆಗಿರೋ ಕಡೆ ಹೋಗಿ ನೋಡಿ, ಒಂದು ದಾಟಿದ್ರೆ ಮುಂದಿನದು ತಾನಾಗೇ ಬಿಡುತ್ತೆ. ಅರ್ಧ ಕಿಲೋಮೀಟರ್ ದೂರ, 30 ಕಿ.ಮೀ. ಸ್ಪೀಡು ಅಂದ್ರೆ ಸರಿಯಾಗಿ 60 ಸೆಕೆಂಡ್, ಅಷ್ಟು ಹೊತ್ತಾದ ಮೇಲೆ ಮುಂದಿನ ಗ್ರೀನ್ ಬಿದ್ರೆ ಬ್ರೇಕ್ ಹಿಡಿಯೋ ಅಗತ್ಯಾನೇ ಇಲ್ಲ. ಇದು ಆಗ್ಬೇಕಂದ್ರೆ ಅಷ್ಟೂ ಜಂಕ್ಷನ್ ಒಂದೇ ಸೈಕಲಲ್ಲಿ ಓಡ್ಬೇಕು, ಅವುಗಳ ಗಡಿಯಾರ ಒಂದೇ ಇರ್ಬೇಕು, ಕಂಟ್ರೋಲ್ ರೂಮಿನ ಜೊತೆ ಕನೆಕ್ಷನ್ ಸದಾ ಇರ್ಬೇಕು. ನಮ್ಮ ಏರಿಯಾದಲ್ಲಿ ಮಧ್ಯದ ಒಂದನ್ನ ಮಾತ್ರ ಹೊಸದು ಮಾಡಿ ಅಕ್ಕಪಕ್ಕದವನ್ನ ಹಳೇದೇ ಬಿಟ್ಟಿದಾರೆ, ಇಲ್ಲಿ ಬೇಗ ಬಿಡ್ತು ಅಂತ ಹೋದ್ರೆ ಮುಂದೆ ರೆಡ್ಡಲ್ಲಿ ಅದೇ ಗಾಡಿಗಳೆಲ್ಲ ಗುಡ್ಡೆ, ಆಮೇಲೆ ಆ ಕ್ಯೂ ಹಿಂದಕ್ಕೆ ಬೆಳೆದು ಹೊಸ ಸಿಗ್ನಲನ್ನೇ ಬ್ಲಾಕ್ ಮಾಡುತ್ತೆ. ಎಷ್ಟು ಬುದ್ಧಿವಂತ ಸಿಗ್ನಲ್ ಆದ್ರೂ ಮುಂದೆ ಜಾಗ ಇಲ್ದೆ ಏನ್ ಮಾಡುತ್ತೆ?

ಅದಕ್ಕೇ ನಾನು ಹೇಳೋದು, ಹಂತ ಅಂದ್ರೆ ಇಷ್ಟು ಜಂಕ್ಷನ್ ಮುಗೀತು ಅನ್ನೋ ಲೆಕ್ಕ ಆಗ್ಬಾರ್ದು, ಇಷ್ಟು ರಸ್ತೆ ಈ ಕಡೆಯಿಂದ ಆ ಕಡೆವರೆಗೆ ಮುಗೀತು ಅನ್ನೋ ಲೆಕ್ಕ ಆಗ್ಬೇಕು. ಮೊದಲು ಕೇಬಲ್ ಹೋಗೋ ಪೈಪು, ಫೈಬರ್, ಅದು ಕಟ್ಟಾದ್ರೆ ಅಂತ ಸಿಮ್ಮಿನ ಲಿಂಕು, ಕರೆಂಟ್ ಹೋದ್ರೆ ಬ್ಯಾಟರಿ. ಆಮೇಲೆ ಸ್ಟಾಪ್ ಲೈನಿನ ಬಿಳಿ ಪಟ್ಟಿ, ಕ್ಯಾಮೆರಾಗೆ ಅಡ್ಡ ಬರೋ ಕೊಂಬೆ ಬ್ಯಾನರ್ ತೆಗೆಯೋದು. ಇಷ್ಟಾದ ಮೇಲೆ ಹೊಸ ಕಂಟ್ರೋಲರ್, ಅಂದ್ರೆ ಲೈಟುಗಳನ್ನ ನಡೆಸೋ ಪೆಟ್ಟಿಗೆ. ಫೋಟೋಗೆ ಕಾಣೋದು ಹೊಸ ಕಂಬ, ಹೊಸ ಲೈಟು, ಆದ್ರೆ ಅದನ್ನ ನಡೆಸೋದು ನೆಲದೊಳಗಿನ ಕೇಬಲ್ಲು. ಫೈಬರ್ ಹಾಕಿ ಮುಗಿಸಿದ ಮೇಲೆ ಇನ್ಯಾರೋ ಪೈಪ್‌ಲೈನಿಗೆ ಅಂತ ಅಲ್ಲೇ ಅಗೆದ್ರೆ ಜಂಕ್ಷನ್ ಮತ್ತೆ ಒಂಟಿ, ಆದ್ದರಿಂದ ಅಗೆಯೋರನ್ನೂ ಪ್ಲಾನ್ ಮೀಟಿಂಗಲ್ಲಿ ಕೂರಿಸ್ಕೊಳ್ಳಿ.

ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾದ ನೆರವಲ್ಲಿ ಊರಿನ ಮಧ್ಯಭಾಗಕ್ಕೆ ಬಂದ ಮಾಡರೇಟೋ ಅನ್ನೋದು ಬೇರೆಯದೇ ಸಿಸ್ಟಮ್. ಈ ಎರಡೂ ಸಿಸ್ಟಮ್ ಸೇರೋ ಗಡಿಯಲ್ಲಿರೋ ಜಂಕ್ಷನ್‌ಗಳು ಪರಸ್ಪರ ಮಾತಾಡೋ ವ್ಯವಸ್ಥೆ ಟೆಂಡರ್‌ನಲ್ಲೇ ಬರೀಬೇಕು, ಆಮೇಲೆ ಜೋಡಿಸೋಣ ಅಂದ್ರೆ ಇನ್ನೊಂದು ಸಲ ದುಡ್ಡು.

ನಡ್ಕೊಂಡು ಹೋಗೋರ ವಿಷ್ಯದಲ್ಲಿ ನಂಗೆ ನಿಜವಾಗ್ಲೂ ಬೇಜಾರು. ಕ್ಯೂ ನೋಡೋ ಕ್ಯಾಮೆರಾ ಗಾಡಿ ಎಣಿಸುತ್ತೆ, ಫುಟ್‌ಪಾತ್ ತುದೀಲಿ ಕಾಯ್ತಿರೋ ಅಜ್ಜಿ ಆ ಲೆಕ್ಕಕ್ಕೆ ಬರೋದೇ ಇಲ್ಲ. ಸೆಕೆಂಡಿಗೆ 1.2 ಮೀಟರ್ ನಡಿಗೆ ಅಂದ್ರೂ 24 ಮೀಟರ್ ರಸ್ತೆಗೆ 20 ಸೆಕೆಂಡ್ ಬೇಕು, ವಯಸ್ಸಾದವರು ಸೆಕೆಂಡಿಗೆ 0.8 ಮೀಟರ್ ನಡೆದ್ರೆ 30 ಸೆಕೆಂಡ್. ಟ್ರಾಫಿಕ್ ಎಷ್ಟೇ ಇರ್ಲಿ, ಈ 30 ಸೆಕೆಂಡನ್ನ ಸಾಫ್ಟ್‌ವೇರ್ ಮುಟ್ಟಬಾರ್ದು ಅಂತ ಮೊದಲ ಹಂತದಲ್ಲೇ ಸೆಟ್ ಮಾಡಿ, ಜೊತೆಗೆ ಪ್ರತಿ ಜಂಕ್ಷನಲ್ಲೂ ಒತ್ತಿದ್ರೆ ಕೆಲಸ ಮಾಡೋ ಬಟನ್ ಕೊಡಿ. ಅದು ಬಂದ ದಿನ ಇದೇ ರಿವ್ಯೂಗೆ ಇನ್ನೊಂದು ಸ್ಟಾರ್ ಸೇರಿಸ್ತೀನಿ.