ಇಂಗ್ಲೆಂಡಿನ ಸರ್ಕಾರಿ ಶಾಲೆಗಳ ಹಾಲ್ ಬಾಡಿಗೆ: ಕನ್ನಡ ಸಂಘದವರು ಬುಕ್ ಮಾಡುವ ಮುನ್ನ

ಇಂಗ್ಲೆಂಡಿನಲ್ಲಿ ಯುಗಾದಿಗೋ ರಾಜ್ಯೋತ್ಸವಕ್ಕೋ ಜಾಗ ಹುಡುಕುವ ಸಂಘಗಳು ಹೆಚ್ಚಾಗಿ ಬಂದು ನಿಲ್ಲುವುದು ಸರ್ಕಾರಿ ಸೆಕೆಂಡರಿ ಶಾಲೆಯ ಹಾಲ್ ಮುಂದೆ. ವೇದಿಕೆ, ಕುರ್ಚಿ, ಪಾರ್ಕಿಂಗ್, ಮಕ್ಕಳಿಗೆ ಬಟ್ಟೆ ಬದಲಿಸಲು ಒಂದೆರಡು ತರಗತಿ ಕೋಣೆ, ಎಲ್ಲವೂ ಒಂದೇ ಕಡೆ. ಹೋಟೆಲ್ ಹಾಲ್‌ಗಳಿಗಿಂತ ಅಗ್ಗ, ಊಟವನ್ನೂ ಹೊರಗಿನಿಂದ ತರಬಹುದು. ಕೊಟ್ಟ ದುಡ್ಡಿಗಂತೂ ಮೋಸವಿಲ್ಲ. ಆದರೆ ಗಂಟೆಯ ದರವನ್ನಷ್ಟೇ ನೋಡಿ ಬುಕ್ ಮಾಡಿದವರು ಬಿಲ್ ನೋಡಿ ಬೆಚ್ಚುತ್ತಾರೆ.

ಕಾರ್ಯಕ್ರಮ 4 ಗಂಟೆಯದ್ದೇ ಇರಬಹುದು, ಲೆಕ್ಕ ಮಾತ್ರ ಬಾಗಿಲು ತೆಗೆದಾಗಿನಿಂದ ಬೀಗ ಹಾಕುವವರೆಗೆ. ಸೌಂಡ್ ಚೆಕ್, ಅಲಂಕಾರಕ್ಕೆ 2 ಗಂಟೆ, ಗುಡಿಸಿ ಕಸ ಕಟ್ಟಲು 1 ಗಂಟೆ ಸೇರಿಸಿ 7 ಗಂಟೆ ಹಿಡಿಯಿರಿ. ಭಾನುವಾರದ ಕೇರ್‌ಟೇಕರ್ ಓವರ್‌ಟೈಮ್, ಕುರ್ಚಿ ಜೋಡಿಸುವ ಖರ್ಚು, ಠೇವಣಿ ಬೇರೆ ಇರಬಹುದು. ಪಬ್ಲಿಕ್ ಲಯಬಿಲಿಟಿ ವಿಮೆಯ (ಬಂದವರಿಗೆ ಪೆಟ್ಟಾದರೆ, ಆಸ್ತಿಗೆ ಹಾನಿಯಾದರೆ ಪರಿಹಾರ ತುಂಬುವ ವಿಮೆ) ಪತ್ರವನ್ನೂ ಸಾಮಾನ್ಯವಾಗಿ ಕೇಳುತ್ತಾರೆ.

ಶಾಲೆಯ ಬಾಡಿಗೆ ಪಟ್ಟಿಯಲ್ಲಿ 'ಕಿಚನ್' ಎಂದಿದ್ದರೆ ಒಲೆ ಸಿಗುತ್ತದೆಂದು ನಂಬಬೇಡಿ. ಎಷ್ಟೋ ಕಡೆ ಅಡುಗೆಮನೆ ಕೇಟರಿಂಗ್ ಗುತ್ತಿಗೆದಾರರ ವಶದಲ್ಲಿರುತ್ತದೆ. ನಿಮಗೆ ಸಿಗುವುದು ಬಡಿಸುವ ಕೌಂಟರ್, ಸಿಂಕ್, ಪ್ಲಗ್ ಪಾಯಿಂಟ್ ಅಷ್ಟೆ. ಬಿಸಿಬೇಳೆಬಾತ್ ಮನೆಯಿಂದಲೇ ಬಿಸಿಯಾಗಿ ಬರಲಿ. ಪಕ್ಕದ ಕೋಣೆಯಲ್ಲಿ ಇಂಡಕ್ಷನ್ ಒಲೆಯಿಟ್ಟು ಒಗ್ಗರಣೆ ಹಾಕಿದರೆ ಅಲಾರಂ ಕೂಗಿ, ಸಭಿಕರೆಲ್ಲ ರೇಷ್ಮೆ ಸೀರೆಯಲ್ಲೇ ಪಾರ್ಕಿಂಗ್‌ನಲ್ಲಿ ಚಳಿಗೆ ನಡುಗಬೇಕಾದೀತು. ಅಡುಗೆಮನೆಯಲ್ಲಿ ಹಾಕುವುದು ಸಾಮಾನ್ಯವಾಗಿ ಶಾಖ ಗುರುತಿಸುವ ಸೆನ್ಸರ್. ಕಾರಿಡಾರ್, ಕೋಣೆಗಳಲ್ಲಿರುವುದು ಹೊಗೆಯದ್ದು. ದೀಪ ಬೆಳಗಲು, ಕರ್ಪೂರದಾರತಿಗೆ ಮೊದಲೇ ಲಿಖಿತ ಅನುಮತಿ ಕೇಳಿ. ಇಲ್ಲವೆಂದರೆ ಬ್ಯಾಟರಿ ದೀಪವೇ ಗತಿ. ರಂಗೋಲಿಯನ್ನು ಮರದ ನೆಲದ ಮೇಲೆ ನೇರವಾಗಿ ಹಾಕಬೇಡಿ, ಪುಡಿ ಜಾರುತ್ತದೆ, ತುಳಿದರೆ ಪಾಲಿಶ್ ಮೇಲೆ ಗೀರು ಬೀಳುತ್ತದೆ. ಪ್ಲೈವುಡ್ ಹಲಗೆಯ ಮೇಲೆ ಬಿಡಿಸಿ.

ಶಾಲೆ ಒಪ್ಪಿದ್ದರೆ, ಬೆಳಗ್ಗೆ 8ರಿಂದ ರಾತ್ರಿ 11ರೊಳಗೆ, 500 ಸಭಿಕರವರೆಗಿನ ಸಂಗೀತ ಕಾರ್ಯಕ್ರಮಕ್ಕೆ ಲೈಸೆನ್ಸ್ ಬೇಡ. ಮದ್ಯ ಮಾರುವುದಾದರೆ ಮಾತ್ರ, ಶಾಲೆಗೆ ಲೈಸೆನ್ಸ್ ಇಲ್ಲದಿದ್ದಲ್ಲಿ, ಕೌನ್ಸಿಲ್‌ಗೆ (ಸ್ಥಳೀಯ ಆಡಳಿತ) 21 ಪೌಂಡ್ ಕಟ್ಟಿ ಟೆಂಪರರಿ ಇವೆಂಟ್ ನೋಟಿಸ್ (ತಾತ್ಕಾಲಿಕ ಕಾರ್ಯಕ್ರಮದ ಸೂಚನಾಪತ್ರ) ಕೊಡಬೇಕು, ಅದೂ 10 ಕೆಲಸದ ದಿನಗಳ ಮುಂಚೆ. ಅದರಡಿ ಒಂದು ಹೊತ್ತಿಗೆ ಸ್ವಯಂಸೇವಕರೂ ಸೇರಿ 499 ಜನ ಮೀರುವಂತಿಲ್ಲ. ಮೇ, ಜೂನ್‌ನಲ್ಲಿ ಸ್ಪೋರ್ಟ್ಸ್ ಹಾಲ್ ಆಸೆ ಬಿಡಿ, ಜಿಸಿಎಸ್‌ಇ (ಅಲ್ಲಿನ ಹತ್ತನೇ ತರಗತಿಯಂಥ) ಪರೀಕ್ಷೆಯ ಮೇಜುಗಳು ಅಲ್ಲಿ ಸಾಲುಗಟ್ಟಿರುತ್ತವೆ.

ಇನ್ನು ಚೌಕಾಸಿ. ಸರ್ಕಾರಿ ಶಾಲೆ ಪಾಠಕ್ಕೆ ಶುಲ್ಕ ವಸೂಲಿ ಮಾಡುವಂತಿಲ್ಲ. ಸ್ವಂತ ದುಡ್ಡು ಮಾಡಿಕೊಳ್ಳಲು ಇರುವ ಕೆಲವೇ ದಾರಿಗಳಲ್ಲಿ ಹಾಲ್, ಮೈದಾನದ ಬಾಡಿಗೆಯೂ ಒಂದು. ಹಾಗಾಗಿ ದರ ಕನಿಷ್ಠ ಖರ್ಚನ್ನಾದರೂ ತುಂಬಲೆಂದು ಶಾಲೆಗಳು ಸಾಮಾನ್ಯವಾಗಿ ನೋಡುತ್ತವೆ. ಒಂಟಿ ಭಾನುವಾರದ ಬುಕಿಂಗ್‌ನಲ್ಲಿ ಹೀಟಿಂಗ್, ಓವರ್‌ಟೈಮ್ ಕಳೆದರೆ ಶಾಲೆಗೆ ಮಿಗುವುದು ಅಷ್ಟಕ್ಕಷ್ಟೆ. ಅವರಿಗೆ ಲಾಭದ ಗಿರಾಕಿ ಎಂದರೆ ವಾರವಾರ ಬರುವ ಬ್ಯಾಡ್ಮಿಂಟನ್, ಫುಟ್‌ಬಾಲ್ ಗುಂಪು. ಆದ್ದರಿಂದ ಒಂದು ದಿನಕ್ಕೆ ರಿಯಾಯಿತಿ ಕೇಳುವುದಕ್ಕಿಂತ ಶನಿವಾರದ ಕನ್ನಡ ಕಲಿ ತರಗತಿ, ಬ್ಯಾಡ್ಮಿಂಟನ್, ಮೂರು ಹಬ್ಬ ಎಲ್ಲ ಸೇರಿಸಿ ವರ್ಷದ ಪಟ್ಟಿ ಮುಂದಿಡಿ. ಆಗ ದರ ಇಳಿಸುವ ಮಾತಿಗೆ ಜಾಗವಿರುತ್ತದೆ. ಪಿಎಫ್‌ಐ ಕರಾರಿನಲ್ಲಿ (ಖಾಸಗಿ ಕಂಪನಿ ತನ್ನ ಹಣದಲ್ಲಿ ಕಟ್ಟಿ, ವರ್ಷಗಟ್ಟಲೆ ನಿರ್ವಹಿಸುವ ಒಪ್ಪಂದ) ಕಟ್ಟಿದ ಶಾಲೆಗಳಲ್ಲಿ ಮಾತ್ರ ಈ ಲೆಕ್ಕ ನಡೆಯದು. ಸಂಜೆ, ವಾರಾಂತ್ಯದ ಬಾಡಿಗೆ ಅಲ್ಲಿ ಹಲವು ಕಡೆ ಖಾಸಗಿ ಕಂಪನಿಯ ಕೈಯಲ್ಲಿರುತ್ತದೆ, ಹೆಡ್‌ಮಾಸ್ಟರ್ ಬಳಿ ಹೋದರೂ ಪ್ರಯೋಜನವಿಲ್ಲ.

ಬ್ಯಾಡ್ಮಿಂಟನ್‌ಗೆ ಇನ್ನೊಂದು ಅನುಕೂಲ. ವ್ಯಾಟ್ (ಮಾರಾಟ, ಸೇವೆಗಳ ಮೇಲಿನ ತೆರಿಗೆ) ನೋಂದಣಿಯಿರುವ ಅಕಾಡೆಮಿ ಶಾಲೆಗಳು (ಕೌನ್ಸಿಲ್ ನಡೆಸದ ಸರ್ಕಾರಿ ಶಾಲೆಗಳು) ಆಟದ ಹಾಲ್‌ಗೆ 20% ವ್ಯಾಟ್ ಸೇರಿಸುತ್ತವೆ. ಆದರೆ ಸಂಘದ ಹೆಸರಿನಲ್ಲಿ 10 ಅಥವಾ ಹೆಚ್ಚು ಸರದಿಗಳನ್ನು (ಒಂದೊಂದು ಸಲದ ಆಟದ ಬುಕಿಂಗ್) ಒಂದೇ ಸ್ಥಳದಲ್ಲಿ, ಒಂದೇ ಆಟಕ್ಕೆ, ಬೇರೆಯವರಿಗೆ ಪ್ರವೇಶವಿಲ್ಲದಂತೆ ಹಿಡಿದು, ಸರದಿಗಳ ನಡುವೆ 1ರಿಂದ 14 ದಿನ ಅಂತರವಿಟ್ಟು, ಪೂರ್ತಿ ಸರಣಿಗೆ ಹಣ ಕಟ್ಟುವ ಲಿಖಿತ ಒಪ್ಪಂದ ಮಾಡಿಕೊಂಡರೆ ವ್ಯಾಟ್ ಇಲ್ಲ. ನಡುವೆ ಒಂದು ವಾರ ಆಡಲು ಹೋಗದಿದ್ದರೂ ದುಡ್ಡು ಕಟ್ಟಲೇಬೇಕು.