ಭುಜ ನೋಯುತ್ತದೆಂದು ಯಾರೂ ಹೇಳಲಿಲ್ಲ

ಗರ್ಭಕೋಶದ ಗಡ್ಡೆಗೆಂದು ಮೈಸೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಲ್ಯಾಪರೋಸ್ಕೋಪಿ (ಹೊಟ್ಟೆಯ ಸಣ್ಣ ರಂಧ್ರಗಳ ಮೂಲಕ ಮಾಡುವ ಶಸ್ತ್ರಚಿಕಿತ್ಸೆ) ಮಾಡಿಸಿಕೊಂಡೆ. ವೈದ್ಯೆಗೆ ಪೂರ್ಣ ಅಂಕ. ಮೂತ್ರನಾಳ ಗರ್ಭಕೋಶದ ರಕ್ತನಾಳದ ಕೆಳಗೇ ಹಾದುಹೋಗುತ್ತದೆ, ಅದಕ್ಕೆ ಪೆಟ್ಟಾಗಬಹುದು, ರಕ್ತಸ್ರಾವ ಹೆಚ್ಚಿದರೆ ಹೊಟ್ಟೆ ಕೊಯ್ಯಬೇಕಾದೀತು ಎಂದು ಚಿತ್ರ ಬರೆದು ತೋರಿಸಿಯೇ ಸಹಿ ಪಡೆದರು. ಗಡ್ಡೆಯನ್ನು ಚೀಲದೊಳಗಿಟ್ಟು ತುಂಡರಿಸುತ್ತಾರಂತೆ. ಅದರಲ್ಲಿ ಕ್ಯಾನ್ಸರ್ ಅಡಗಿದ್ದರೆ ಹರಡಬಾರದಲ್ಲ! ಹಾಗೆ ಹರಡುವ ಅಪಾಯದ ಬಗ್ಗೆ 2014ರಲ್ಲೇ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿತ್ತು.

ವಾರ್ಡಿನ ಸೇವೆ ಮಾತ್ರ ಸಾಧಾರಣ. ಹೊಟ್ಟೆ ಉಬ್ಬಿಸಲು ತುಂಬಿದ ಇಂಗಾಲದ ಡೈಆಕ್ಸೈಡ್ ಸ್ವಲ್ಪ ಉಳಿದು ವಪೆಯನ್ನು (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪೊರೆ) ಕೆರಳಿಸಿದರೆ ಭುಜ ನೋಯುತ್ತದೆ. ಇದನ್ನು ಮೊದಲೇ ಹೇಳಬಾರದೇ? ನಡುರಾತ್ರಿ ನಾನು ಹೃದಯಾಘಾತವೆಂದೇ ಹೆದರಿದೆ. "ಗ್ಯಾಸ್ ಅಮ್ಮಾ, ಸ್ವಲ್ಪ ಓಡಾಡಿ" ಎಂದು ನರ್ಸ್ ಹೊರಟೇಹೋದರು.

ಜ್ವರ, ದುರ್ವಾಸನೆಯ ಸ್ರಾವ, ಹೆಚ್ಚುವ ಹೊಟ್ಟೆನೋವು ಕಂಡರೆ ಕೂಡಲೇ ಬನ್ನಿ ಎಂದು ಬಿಡುಗಡೆ ಚೀಟಿಯಲ್ಲಿ ಕನ್ನಡದಲ್ಲೇ ಬರೆದಿದ್ದರು. ಅದಕ್ಕಾಗಿ ಒಂದು ನಕ್ಷತ್ರ ಹೆಚ್ಚು.