ಮರದ ಪರೀಕ್ಷೆ: ಕಣ್ಣು ಸಾಕಾ, ಯಂತ್ರ ಬೇಕಾ?

ದೊಡ್ಡ ಮರ ಬಿದ್ದೀತೆಂಬ ಭಯವಿದ್ದರೆ ಎರಡು ದಾರಿ: ನಾವೇ ನೋಡಿ, ತಟ್ಟಿ ತಿಳಿಯುವುದು, ಇಲ್ಲವೇ ತಜ್ಞರಿಂದ ಯಂತ್ರದಲ್ಲಿ ಪರೀಕ್ಷೆ ಮಾಡಿಸುವುದು.

ನನ್ನ ಪ್ರಕಾರ ಮೊದಲು ಕಣ್ಣು. ಖರ್ಚಿಲ್ಲ, ಪ್ರತಿ ಗಾಳಿಮಳೆಯ ನಂತರವೂ ಮಾಡಬಹುದು. ಬುಡದಲ್ಲಿ ಅಣಬೆ ಎದ್ದಿದೆಯಾ? ವಾಲಿದ ಕಡೆಗೆ ಎದುರು ಬದಿಯಲ್ಲಿ ಮಣ್ಣು ಬಿರಿದು ಉಬ್ಬಿದೆಯಾ? ಎರಡು ಕಾಂಡ ಸೇರುವ ಸಂದಿಯಲ್ಲಿ ತೊಗಟೆ ಒಳಗೆ ಸಿಕ್ಕಿಕೊಂಡಿದ್ದರೆ ಅಲ್ಲೇ ಸೀಳುವ ಅಪಾಯ ಜಾಸ್ತಿ. ಕೊಡತಿಯಿಂದ ಕಾಂಡ ತಟ್ಟಿ ನೋಡಿ. ಟೊಳ್ಳಿದ್ದ ಕಡೆ ಸದ್ದು ಡೋಲಿನ ಹಾಗೆ ಬರುತ್ತದೆ.

ಆದರೆ ಟೊಳ್ಳು ಎಷ್ಟು ದೊಡ್ಡದು? ಅದನ್ನು ತಟ್ಟಿ ಹೇಳಲಾಗದು, ಯಂತ್ರವೇ ಬೇಕು. ಕೊಳೆತ ಭಾಗದಲ್ಲಿ ಶಬ್ದದ ಅಲೆ ನಿಧಾನವಾಗುತ್ತದೆ. ಟೊಮೊಗ್ರಾಫ್ ಎಂಬ ಯಂತ್ರ ಅದರಿಂದಲೇ ಕಾಂಡದ ಒಳಗಿನ ಚಿತ್ರ ಕೊಡುತ್ತದೆ. ಗಟ್ಟಿ ಹೊರಭಾಗದ ದಪ್ಪ ಕಾಂಡದ ತ್ರಿಜ್ಯದ ಸುಮಾರು 30% ಇದ್ದರೆ ಮರ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ ಎಂಬುದು ಜರ್ಮನಿಯ ವಿಜ್ಞಾನಿ ಕ್ಲೌಸ್ ಮ್ಯಾಥೆಕ್ ಅವರ ಲೆಕ್ಕ. ಟೊಳ್ಳಾದ ಮಾತ್ರಕ್ಕೆ ಸುಮ್ನೆ ಕಡಿಯಬೇಕಿಲ್ಲ, ಅಲ್ವಾ!

ಕೆಳಗೆ ಜನ ಓಡಾಡದಿದ್ದರೆ ಕಣ್ಣು ಸಾಕು. ರಸ್ತೆ, ಆಟದ ಜಾಗ, ಮನೆ ಇದ್ದು ಅನುಮಾನ ಬಂದರೆ ಯಂತ್ರಕ್ಕೆ ಹಣ ಹಾಕಿ. ಮಣ್ಣೇ ಎದ್ದಿದ್ದರೆ ಯಾವ ಪರೀಕ್ಷೆಗೂ ಕಾಯಬೇಡಿ. ಮೊದಲು ಮರದಿಂದ ದೂರದಲ್ಲಿ ಸುತ್ತ ಹಗ್ಗ ಕಟ್ಟಿ ಜನರನ್ನು ದೂರ ಇಡಿ, ಅಂದೇ ತಜ್ಞರನ್ನು ಕರೆಸಿ.